ಹಳೆಯ ಅಪ್‌ರೈಟ್ ಪಿಯಾನೊದ ಸವೆದ ಕೀ ಬುಶಿಂಗ್‌ಗಳನ್ನು ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಉತ್ತರಗಳು ಹೆಚ್ಚಾಗಿ ಒಂದೇ ವಾದ್ಯದ ಮೇಲೆ ಮಾಡಿದ ಕೆಲಸದಿಂದ ಹುಟ್ಟಿದವು. ಲಂಡನ್‌ನಲ್ಲಿ 1900ರ ಆಸುಪಾಸಿನಲ್ಲಿ ತಯಾರಾದ 85 ಕೀಗಳ ಅಪ್‌ರೈಟ್ ಪಿಯಾನೊ ಅದು. ಬೆಂಗಳೂರಿನ ದಂಡು ಪ್ರದೇಶದ ಬಂಗಲೆಯೊಂದು ಖಾಲಿಯಾದಾಗ ನಮ್ಮ ಮನೆ ಸೇರಿತು. ಬ್ರಾಡ್‌ವುಡ್, ಚಾಪೆಲ್, ಕೊಲಾರ್ಡ್ ಆ್ಯಂಡ್ ಕೊಲಾರ್ಡ್ ಮುಂತಾದ ಲಂಡನ್ ತಯಾರಕರ ಇಂಥ ಪಿಯಾನೊಗಳು ಬ್ರಿಟಿಷರ ಕಾಲದಲ್ಲಿ ಹಡಗಿನಲ್ಲಿ ಬಂದು ಇಲ್ಲಿನ ಚರ್ಚು, ಕಾನ್ವೆಂಟು, ಕ್ಲಬ್ಬುಗಳಲ್ಲಿ ಉಳಿದಿರುವುದರಿಂದ, ಅವನ್ನು ಇಟ್ಟುಕೊಂಡವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ.

ಕೀ ಬುಶಿಂಗ್ ಎಂದರೆ ಏನು?

ಪಿಯಾನೊದ ಪ್ರತಿಯೊಂದು ಕೀ ನೀರೆತ್ತುವ ಏತದ ಹಾಗೆ ನಡುವೆ ಆಧಾರವಿಟ್ಟು ತೂಗುವ ಮರದ ಪಟ್ಟಿ. ನಮ್ಮ ಕಣ್ಣಿಗೆ ಬೀಳುವುದು ಅದರ ಮುಂದಿನ ತುದಿ ಮಾತ್ರ. ಉಳಿದ ಭಾಗ ಪೆಟ್ಟಿಗೆಯ ಒಳಗಿರುತ್ತದೆ. ಕೀ ಅತ್ತಿತ್ತ ಸರಿಯದಂತೆ ಅದನ್ನು ಎರಡು ಲೋಹದ ಪಿನ್‌ಗಳು ಹಿಡಿದಿಡುತ್ತವೆ. ನಡುವಿನ ಪಿನ್ ದುಂಡಗಿದ್ದು ಕೀಯ ಮೂಲಕ ಹಾದು ಅದರ ಮೇಲ್ಭಾಗದ ಕಿಂಡಿಯಲ್ಲಿ ಹೊರಬರುತ್ತದೆ. ಮುಂದಿನ ಪಿನ್ ಸಾಮಾನ್ಯವಾಗಿ ಮೊಟ್ಟೆಯಾಕಾರದ್ದಾಗಿದ್ದು ಕೀಯ ತಳಭಾಗದ ಕಿಂಡಿಯೊಳಗೆ ನಿಲ್ಲುತ್ತದೆ. ಮರವು ಲೋಹಕ್ಕೆ ನೇರವಾಗಿ ತಾಗಿದರೆ ಸದ್ದಾಗುತ್ತದೆ, ಸವೆಯುತ್ತದೆ. ಅದನ್ನು ತಪ್ಪಿಸಲು ಎರಡೂ ಕಿಂಡಿಗಳ ಎಡಬಲದ ಗೋಡೆಗಳಿಗೆ ನೇಯ್ದ ಉಣ್ಣೆ ಬಟ್ಟೆಯ ಸಣ್ಣ ತುಂಡುಗಳನ್ನು ಅಂಟಿಸಿರುತ್ತಾರೆ. ಈ ಬಟ್ಟೆಯ ತುಂಡುಗಳೇ ಬುಶಿಂಗ್‌ಗಳು. ಒಂದು ಕೀಗೆ ನಾಲ್ಕು ತುಂಡುಗಳೆಂದರೆ 88 ಕೀಗಳ ಪಿಯಾನೊಕ್ಕೆ 352, ನಮ್ಮ ಮನೆಯ ವಾದ್ಯಕ್ಕೆ 340.

ಅವು ಸವೆದಿವೆ ಎಂದು ಹೇಗೆ ತಿಳಿಯುವುದು?

ಒಂದು ಬಿಳಿ ಕೀಯ ಮುಂತುದಿಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಸುಸ್ಥಿತಿಯಲ್ಲಿರುವ ಕೀ ಕೂದಲೆಳೆಯಷ್ಟು ಅಲುಗಿ ನಿಲ್ಲುತ್ತದೆ, ಸದ್ದು ಬರುವುದಿಲ್ಲ. ಸವೆದ ಕೀಯಲ್ಲಿ ಗ್ಯಾರೇಜಿನವರು ಹೇಳುವ ಹಾಗೆ ‘ಪ್ಲೇ’ ಬಂದಿರುತ್ತದೆ: ಕೀ ಪಕ್ಕದ ಕೀಗೆ ತಾಗುತ್ತದೆ, ಪಿನ್ನಿಗೆ ಮರ ಬಡಿಯುವ ಒಣ ಸದ್ದು ಕೇಳಿಸುತ್ತದೆ. ಮುಂತುದಿ ಮಾತ್ರ ಅಲುಗಿ ಕೀಯ ನಡುಭಾಗ ಸ್ಥಿರವಾಗಿದ್ದರೆ ದೋಷ ಮುಂದಿನ ಬುಶಿಂಗ್‌ನಲ್ಲಿದೆ. ನಡುವಿನ ಪಿನ್ನಿನ ಬಳಿಯೇ ಕೀ ವಾಲುತ್ತಿದ್ದರೆ ಮೇಲಿನ ಬುಶಿಂಗ್ ಕೂಡ ಹೋಗಿದೆ ಎಂದರ್ಥ. ಈ ಪರೀಕ್ಷೆಯನ್ನು ವಾದ್ಯದ ನಡುವಿನ ಎರಡು ಸಪ್ತಕಗಳಲ್ಲಿ ಮಾಡಿ, ಬಳಿಕ ಹೆಚ್ಚು ನುಡಿಸದ ಎರಡು ಕೊನೆಗಳಲ್ಲಿ ಮಾಡಿ ಹೋಲಿಸಿದರೆ, ಎಷ್ಟು ಸವೆದಿದೆ ಎಂಬುದು ಅಳತೆಯಿಲ್ಲದೆಯೇ ತಿಳಿಯುತ್ತದೆ.

ನುಡಿಸದೆ ಸುಮ್ಮನೆ ಇಟ್ಟ ಪಿಯಾನೊದಲ್ಲೂ ಬಟ್ಟೆ ಹಾಳಾಗುವುದೇಕೆ?

ಬಟ್ಟೆಯನ್ನು ಸವೆಸುವುದು ಬೆರಳು ಒಂದೇ ಅಲ್ಲ. ಉಣ್ಣೆಯನ್ನು ತಿನ್ನುವ ಪತಂಗದ ಮರಿಹುಳುಗಳಿಗೆ ಕತ್ತಲಿನ, ಧೂಳು ತುಂಬಿದ, ಯಾರೂ ತೆರೆಯದ ಕೀ ಚೌಕಟ್ಟಿಗಿಂತ ಒಳ್ಳೆಯ ಜಾಗ ಬೇರೆ ಸಿಗದು. ಮಳೆಗಾಲದ ತೇವಕ್ಕೆ ಪಿನ್‌ಗಳು ತುಕ್ಕು ಹಿಡಿದರೆ ಅವುಗಳ ಮೈ ಒರಟಾಗಿ, ಮತ್ತೆ ನುಡಿಸತೊಡಗಿದ ಮೊದಲ ತಿಂಗಳಲ್ಲೇ ಬಟ್ಟೆಯನ್ನು ಅರದಂತೆ ಉಜ್ಜಿಹಾಕುತ್ತವೆ. ಮಂಗಳೂರು, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಉಪ್ಪುಗಾಳಿಯೂ ಸೇರಿಕೊಳ್ಳುವುದರಿಂದ ಪಿನ್‌ಗಳ ಸ್ಥಿತಿಯನ್ನು ಬಟ್ಟೆಗಿಂತ ಮೊದಲು ನೋಡುವುದು ಲೇಸು.

ಮುಂದಿನ ಪಿನ್ನನ್ನು ಸ್ವಲ್ಪ ತಿರುಗಿಸಿದರೆ ಅಲುಗಾಟ ನಿಲ್ಲುತ್ತದೆಯಂತೆ. ಅಷ್ಟೇ ಸಾಲದೇ?

ನಿಲ್ಲುತ್ತದೆ, ನಿಜ, ಕೆಲವು ತಿಂಗಳ ಮಟ್ಟಿಗೆ. ಮೊಟ್ಟೆಯಾಕಾರದ ಪಿನ್ನಿನ ಚಪ್ಪಟೆ ಮೈ ಬಟ್ಟೆಗೆ ಸಮನಾಗಿ ಒತ್ತಿಕೊಂಡಿರಬೇಕೆಂಬುದೇ ಅದರ ಆಕಾರದ ಉದ್ದೇಶ. ಅದನ್ನು ಓರೆಯಾಗಿ ತಿರುಗಿಸಿದರೆ ಅಗಲ ಹೆಚ್ಚಾಗಿ ಸಂದು ತುಂಬುತ್ತದೆ, ಆದರೆ ಒತ್ತಡವೆಲ್ಲ ಎರಡು ಅಂಚುಗಳ ಮೇಲೆ ಬಿದ್ದು ಬಟ್ಟೆಯಲ್ಲಿ ಗೀರು ಮೂಡುತ್ತದೆ. ನಮ್ಮ ವಾದ್ಯದಲ್ಲಿ ಹಿಂದಿನ ಯಾರೋ ರಿಪೇರಿಯವರು ಮೂವತ್ತಕ್ಕೂ ಹೆಚ್ಚು ಪಿನ್‌ಗಳನ್ನು ಹೀಗೆ ತಿರುಗಿಸಿದ್ದರು. ಆ ಕೀಗಳ ಬುಶಿಂಗ್ ತೆಗೆದು ಬೆಳಕಿಗೆ ಹಿಡಿದಾಗ, ಪ್ರತಿ ತುಂಡಿನಲ್ಲೂ ಬ್ಲೇಡಿನಿಂದ ಎಳೆದಂಥ ಒಂದೊಂದು ಗೆರೆ ಆರಪಾರವಾಗಿ ಕಾಣುತ್ತಿತ್ತು. ಹೊಸ ಬಟ್ಟೆ ಹಾಕುವ ಮೊದಲು ಇಂಥ ಪಿನ್‌ಗಳನ್ನೆಲ್ಲ ಮೊದಲಿನ ದಿಕ್ಕಿಗೆ ತಿರುಗಿಸಿ ನೇರಗೊಳಿಸಲೇಬೇಕು. ಇಲ್ಲವಾದರೆ ಹೊಸ ಬಟ್ಟೆಗೂ ಅದೇ ಗತಿ.

ಯಾವ ಪಿಯಾನೊಕ್ಕೆ ಈ ಕೆಲಸ ಮಾಡಬಾರದು?

ಟ್ಯೂನಿಂಗ್ ಪಿನ್‌ಗಳು ತಂತಿಯ ಬಿಗಿತವನ್ನು ಹಿಡಿದಿಡದಷ್ಟು ಸಡಿಲವಾಗಿದ್ದರೆ, ಎರಕದ ಕಬ್ಬಿಣದ ಚೌಕಟ್ಟು ಬಿರುಕು ಬಿಟ್ಟಿದ್ದರೆ, ಅಥವಾ ಗೆದ್ದಲು ಒಳಗಿನ ಮರವನ್ನು ಪೊಳ್ಳು ಮಾಡಿದ್ದರೆ ಬುಶಿಂಗ್ ಬದಲಿಸುವುದು ಬೀಳುವ ಮನೆಗೆ ಸುಣ್ಣ ಬಳಿದಂತೆ. ಮೊದಲು ಒಬ್ಬ ಟ್ಯೂನರ್‌ಗೆ ತೋರಿಸಿ.

ಕೀಗಳನ್ನು ಹೊರತೆಗೆಯುವಾಗ ಏನು ಗಮನಿಸಬೇಕು?

ಆ ಕಾಲದ ಅನೇಕ ಬ್ರಿಟಿಷ್ ಅಪ್‌ರೈಟ್‌ಗಳಲ್ಲಿ ಡ್ಯಾಂಪರ್‌ಗಳು (ಕೀ ಬಿಟ್ಟಾಗ ತಂತಿಯನ್ನು ತಡೆದು ಸ್ವರ ನಿಲ್ಲಿಸುವ ಮೆತ್ತೆಗಳು) ತಂತಿಗೆ ಬಡಿಯುವ ಸುತ್ತಿಗೆಗಳಿಗಿಂತ ಮೇಲಿದ್ದು, ಅವುಗಳ ತಂತಿಗಳು ಮುಂಭಾಗದಲ್ಲಿ ಪಂಜರದ ಸರಳುಗಳಂತೆ ಸಾಲಾಗಿ ನಿಂತಿರುತ್ತವೆ. ಕೀಗಳಿಗಿಂತ ಮೊದಲು ತೆಗೆಯಬೇಕಾದ ಈ ಆ್ಯಕ್ಷನ್ನನ್ನು, ಎಂದರೆ ಸುತ್ತಿಗೆ, ಡ್ಯಾಂಪರ್‌ಗಳಿರುವ ಯಂತ್ರಭಾಗವನ್ನು, ಹೊರತೆಗೆಯುವಾಗ ಒಂದು ತಂತಿ ಬಾಗಿದರೂ ಆ ಸ್ವರ ನಿಲ್ಲದೆ ಗುಂಯ್‌ಗುಡುತ್ತಿರುತ್ತದೆ. ಆದ್ದರಿಂದ ಮೊದಲ ಬಾರಿಗೆ ಈ ಕೆಲಸಕ್ಕೆ ಇಳಿಯುವವರು ಆ್ಯಕ್ಷನ್ ತೆಗೆಯುವುದನ್ನು ತಿಳಿದವರಿಂದ ಮಾಡಿಸಿಕೊಂಡು, ಕೀಗಳ ಕೆಲಸವನ್ನು ಮಾತ್ರ ತಾವು ವಹಿಸಿಕೊಳ್ಳುವುದು ಒಳ್ಳೆಯದು.

ಕೀಗಳ ಮೇಲೆ ಎಡದಿಂದ ಬಲಕ್ಕೆ ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. ಅವು ಮಾಸಿದ್ದರೆ ಪೆನ್ಸಿಲಿನಲ್ಲಿ ಮತ್ತೆ ಬರೆದುಕೊಳ್ಳಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕೀಯನ್ನು ನಡುವಿನ ಪಿನ್ನಿನಿಂದ ನೆಟ್ಟಗೆ ಮೇಲಕ್ಕೆ ಎತ್ತಬೇಕು. ಮುಂತುದಿ ಹಿಡಿದು ಓರೆಯಾಗಿ ಎಳೆದರೆ ಕೀಯ ತಳದಲ್ಲಿರುವ ಬಿಗಿಯಾದ ತೂತು ಸೀಳಿಹೋಗುತ್ತದೆ. ನಾನು ಮೊದಲ ದಿನ ಆತುರದಲ್ಲಿ ಒಂದು ಕಪ್ಪು ಕೀಯನ್ನು ಹೀಗೆ ಎಳೆದಾಗ ಒಣಗಿದ ಹಪ್ಪಳ ಮುರಿದಂಥ ಸಣ್ಣ ಸದ್ದು ಬಂತು. ಅದನ್ನು ಸರಿಪಡಿಸಲು ಒಂದು ಸಂಜೆ ಪೂರ್ತಿ ಹಿಡಿಯಿತು.

ಪಿನ್‌ಗಳ ಬುಡದಲ್ಲಿ ಫೆಲ್ಟಿನ ಬಿಲ್ಲೆಗಳೂ ಅವುಗಳ ಕೆಳಗೆ ತೆಳು ಕಾಗದದ ಬಿಲ್ಲೆಗಳೂ ಇರುತ್ತವೆ. ಆ ಕಾಗದಗಳೇ ಪ್ರತಿ ಕೀಯ ಎತ್ತರವನ್ನೂ ಅದು ಎಷ್ಟು ಆಳ ಇಳಿಯಬೇಕೆಂಬುದನ್ನೂ ನಿರ್ಧರಿಸುವುದರಿಂದ ಒಂದು ಪಿನ್ನಿನದು ಇನ್ನೊಂದಕ್ಕೆ ಸೇರಬಾರದು. ಧೂಳು ತೆಗೆಯುವ ಹುಮ್ಮಸ್ಸಿನಲ್ಲಿ ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ಅವೆಲ್ಲ ಒಂದೇ ಉಸಿರಿಗೆ ಅದರ ಹೊಟ್ಟೆ ಸೇರುತ್ತವೆ. ಮೆತ್ತನೆಯ ಬ್ರಶ್ ಸಾಕು.

ಎಂಥ ಬಟ್ಟೆ ಬೇಕು? ದಪ್ಪ ನಿರ್ಧರಿಸುವುದು ಹೇಗೆ?

ಪಿಯಾನೊ ಬಿಡಿಭಾಗಗಳ ವ್ಯಾಪಾರಿಗಳು ಬುಶಿಂಗ್ ಬಟ್ಟೆಯೆಂದೇ ಮಾರುವ, ದಟ್ಟವಾಗಿ ನೇಯ್ದ ಉಣ್ಣೆಯ ಬಟ್ಟೆಯೇ ಬೇಕು. ಕರಕುಶಲದ ಅಂಗಡಿಗಳಲ್ಲಿ ಸಿಗುವ ಬಣ್ಣದ ಫೆಲ್ಟ್ ಹಾಳೆ ನೋಡಲು ಒಂದೇ ತರಹ ಕಂಡರೂ ಅದು ನೇಯ್ದದ್ದಲ್ಲ, ಅನೇಕ ವೇಳೆ ಉಣ್ಣೆಯೂ ಅಲ್ಲ. ಕೆಲವು ವಾರಗಳಲ್ಲಿ ಒತ್ತಿಹೋಗಿ ಮತ್ತೆ ಅಲುಗಾಟ ಶುರುವಾಗುತ್ತದೆ. ಕೆಲವು ಹಳೆಯ ವಾದ್ಯಗಳಲ್ಲಿ ಬಟ್ಟೆಯ ಬದಲು ತೆಳು ಚರ್ಮ ಹಾಕಿರುವುದೂ ಉಂಟು.

ದಪ್ಪದ ಲೆಕ್ಕ ಸರಳ, ಆದರೆ ವರ್ನಿಯರ್ ಕ್ಯಾಲಿಪರ್ ಇಲ್ಲದೆ ಮಾಡಬಾರದು. ಹಳೆಯ ಬಟ್ಟೆ ತೆಗೆದ ಬಳಿಕ ನಮ್ಮ ಕೀಗಳ ಮುಂದಿನ ಕಿಂಡಿಯ ಅಗಲ 5.9 ಮಿ.ಮೀ. ಇತ್ತು, ಪಿನ್ನಿನ ದಪ್ಪ 3.6 ಮಿ.ಮೀ. ಉಳಿದ 2.3 ಮಿ.ಮೀ.ಯನ್ನು ಎರಡು ಪಾಲು ಮಾಡಿದರೆ ಒಂದು ಬದಿಗೆ 1.15 ಮಿ.ಮೀ. ಅಂಟಿಸುವಾಗ ಬಟ್ಟೆ ಒತ್ತಿಕೊಂಡು ತೆಳುವಾಗುವುದರಿಂದ ಅದಕ್ಕಿಂತ ತುಸು ದಪ್ಪದ್ದು ಬೇಕು, ನಾನು 1.3 ಮಿ.ಮೀ. ಬಟ್ಟೆ ಆರಿಸಿದೆ. ನಡುವಿನ ಪಿನ್ನಿನ ಅಳತೆ ಬೇರೆಯಾಗಿರಬಹುದು, ಅದನ್ನು ಪ್ರತ್ಯೇಕವಾಗಿಯೇ ಅಳೆಯಬೇಕು. ಹತ್ತಾರು ಕೀಗಳನ್ನು ಅಳೆದು ನೋಡದೆ ಒಂದೇ ಕೀಯ ಅಳತೆ ನಂಬಿ ಬಟ್ಟೆ ತರಿಸಿದರೆ ಪಶ್ಚಾತ್ತಾಪ ಪಡಬೇಕಾದೀತು, ಏಕೆಂದರೆ ಹಿಂದಿನ ರಿಪೇರಿಗಳಲ್ಲಿ ಕೆಲವು ಕಿಂಡಿಗಳನ್ನು ಉಳಿಯಿಂದ ಕೆತ್ತಿ ಅಗಲ ಮಾಡಿರುವ ಸಾಧ್ಯತೆ ಇರುತ್ತದೆ.

ಫೆವಿಕಾಲ್ ಬಳಸಬಹುದೇ?

ಬಳಸಿದರೆ ಬಟ್ಟೆ ಬೀಳುವುದಿಲ್ಲ, ಅದೇ ತೊಂದರೆ. ಬಿಳಿ ಅಂಟು ಬಟ್ಟೆಯೊಳಕ್ಕೆ ಇಂಗಿ ಗಟ್ಟಿಯಾಗುತ್ತದೆ, ಮತ್ತು ಮುಂದೊಮ್ಮೆ ಬಟ್ಟೆ ಬದಲಿಸುವವರು ಅದನ್ನು ಹಬೆಗೆ ಸುಲಭವಾಗಿ ಬಿಡಿಸಲಾರದೆ ಮರವನ್ನೇ ಕೆರೆಯಬೇಕಾಗುತ್ತದೆ. ಕೆಲವು ವೃತ್ತಿಪರರು ಬಿಳಿ ಅಂಟನ್ನು ಒಪ್ಪುತ್ತಾರೆ ಎಂಬುದು ನನಗೆ ಗೊತ್ತು. ಆದರೂ ನೂರು ವರ್ಷ ದಾಟಿದ ವಾದ್ಯಕ್ಕೆ ಅದನ್ನು ತಯಾರಿಸಿದಾಗ ಬಳಸಿದ ಪ್ರಾಣಿಚರ್ಮದ ಬಿಸಿ ಅಂಟೇ ಸರಿ ಎಂದು ನನ್ನ ಅಭಿಪ್ರಾಯ. ಅದು ಬೇಗ ಹಿಡಿಯುತ್ತದೆ, ಬಟ್ಟೆಯ ಹೊರಮೈವರೆಗೆ ಇಂಗುವುದಿಲ್ಲ, ನೀರು ಮತ್ತು ಬಿಸಿ ತಾಗಿಸಿದರೆ ಬಿಟ್ಟುಕೊಡುತ್ತದೆ.

ಒಣ ಹರಳುಗಳ ರೂಪದಲ್ಲಿ ಸಿಗುವ ಈ ಅಂಟನ್ನು ತಣ್ಣೀರಿನಲ್ಲಿ ನೆನೆಸಿ ಉಬ್ಬಲು ಬಿಟ್ಟು, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಬೇಕು. ಕುದಿಸಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಹದ ಒಂದೆಳೆ ಪಾಕಕ್ಕಿಂತ ಕೊಂಚ ತೆಳ್ಳಗಿದ್ದರೆ ಸರಿ. ವಾಸನೆಯ ಬಗ್ಗೆ ಮೊದಲೇ ಎಚ್ಚರಿಸುತ್ತೇನೆ: ನಮ್ಮ ಮನೆಯಲ್ಲಿ ಅಮ್ಮ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲವಾದ್ದರಿಂದ ಕೆಲಸವೆಲ್ಲ ಹಿತ್ತಲಿನ ವಿದ್ಯುತ್ ಒಲೆಯ ಮೇಲೆ ನಡೆಯಿತು.

ಹಳೆಯ ಬಟ್ಟೆಯನ್ನು ತೆಗೆಯುವುದು ಹೇಗೆ?

ಚಾಕುವಿನಿಂದ ಕೆರೆದು ತೆಗೆಯಬೇಡಿ. ಕೀಗಳ ಮರ ಮೆತ್ತಗಿನದು, ಕಿಂಡಿಯ ಗೋಡೆಗಳು ತೆಳು. ಒಂದು ಗೀರು ಬಿದ್ದರೂ ಹೊಸ ಬಟ್ಟೆ ಸಮನಾಗಿ ಕೂರುವುದಿಲ್ಲ. ಸಿರಿಂಜಿನಿಂದ ಪ್ರತಿ ತುಂಡಿನ ಮೇಲೆ ಎರಡು ಮೂರು ಹನಿ ನೀರು ಬಿಟ್ಟು ಹತ್ತು ಹದಿನೈದು ನಿಮಿಷ ಕಾಯಿರಿ. ಬಳಿಕ ಕಿಂಡಿಯ ಅಗಲಕ್ಕೆ ಹೊಂದುವ ಹಿತ್ತಾಳೆಯ ಚಪ್ಪಟೆ ತುಂಡೊಂದನ್ನು 25 ವ್ಯಾಟ್‌ನ ಸೋಲ್ಡರಿಂಗ್ ಐರನ್ನಿನ ತುದಿಗೆ ಸಿಕ್ಕಿಸಿ, ಅದನ್ನು ಕೆಲವೇ ಕ್ಷಣ ಕಿಂಡಿಯೊಳಗೆ ಇಡಿ. ನೆನೆದ ಬಟ್ಟೆಯಿಂದ ಚುಂಯ್ ಎಂದು ಹಬೆ ಏಳುತ್ತದೆ, ಅಂಟು ಕರಗುತ್ತದೆ, ಚಿಮಟದಿಂದ ಹಿಡಿದೆಳೆದರೆ ತುಂಡು ಇಡಿಯಾಗಿ ಕೈಗೆ ಬರುತ್ತದೆ. ಬರದಿದ್ದರೆ ಬಲ ಹಾಕದೆ ಇನ್ನೊಂದು ಹನಿ ನೀರು ಬಿಟ್ಟು ಕಾಯುವುದೇ ದಾರಿ. ಗೋಡೆಯಲ್ಲಿ ಉಳಿದ ಅಂಟನ್ನು ಒದ್ದೆ ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಬೇಕು.

ನೀರು ಹೆಚ್ಚಾದರೆ ಮರ ಉಬ್ಬುತ್ತದೆ. ಆದ್ದರಿಂದ ಬಟ್ಟೆ ತೆಗೆದ ಕೀಗಳನ್ನು ನೆರಳಿನಲ್ಲಿ ಕನಿಷ್ಠ ಒಂದು ಪೂರ್ಣ ದಿನ ಒಣಗಲು ಬಿಡಿ. ಬಿಸಿಲಿಗಿಟ್ಟರೆ ಕೀ ತಿರುಚಿಕೊಳ್ಳುತ್ತದೆ. ಕಿಂಡಿಯ ಅಳತೆ ತೆಗೆಯಬೇಕಾದದ್ದು ಒಣಗಿದ ಮೇಲೆ.

ಕೀಗಳ ಮೇಲಿನ ದಂತಕ್ಕೆ ತೊಂದರೆಯಾಗದೇ?

ಅಜಾಗರೂಕತೆಯಿದ್ದರೆ ಖಂಡಿತ ಆಗುತ್ತದೆ. ಬಿಳಿ ಕೀಯ ಮೇಲ್ಮೈಯಲ್ಲಿ ಅಗಲವಾದ ಮುಂಭಾಗಕ್ಕೂ ಸಪೂರ ಹಿಂಭಾಗಕ್ಕೂ ನಡುವೆ ಒಂದು ಸಣ್ಣ ಅಡ್ಡಗೆರೆ ಕಂಡರೆ ಅದು ಬಹುತೇಕ ಆನೆಯ ದಂತ. ಅದನ್ನೂ ಇದೇ ಜಾತಿಯ ಅಂಟಿನಿಂದ ಕೂರಿಸಿರುವುದರಿಂದ ಹಬೆ ಅತ್ತ ಹೋದರೆ ದಂತದ ಹಾಳೆ ಎದ್ದು ಬರುತ್ತದೆ. ಮುಂದಿನ ಕಿಂಡಿ ದಂತದ ನೇರ ಕೆಳಗೇ ಇರುವುದರಿಂದ ಕೀಯನ್ನು ತಳ ಮೇಲಾಗಿ ಹಿಡಿದಾಗ ನೀರು ಕಿಂಡಿಯ ಆಳಕ್ಕೆ ಇಳಿಯದಷ್ಟು ಮಿತವಾಗಿರಬೇಕು. ಬಿದ್ದ ತುಣುಕುಗಳನ್ನು ಎಸೆಯದೆ ಕೀಯ ಅಂಕಿ ಬರೆದ ಲಕೋಟೆಯಲ್ಲಿಡಿ. ಹೊಸ ದಂತ ಕೊಳ್ಳುವ ಮಾತೇ ಇಲ್ಲ. ಭಾರತದಲ್ಲಿ ದಂತದ ವ್ಯಾಪಾರ ಅಪರಾಧ.

ಹೊಸ ಬಟ್ಟೆಯನ್ನು ಅಂಟಿಸುವ ಕ್ರಮ ಹೇಗೆ?

ಇಲ್ಲಿ ಬಟ್ಟೆಗಿಂತ ಮುಖ್ಯವಾದ ವಸ್ತು ಬೆಣೆ. ಅಂಟು ಹಿಡಿಯುವವರೆಗೆ ಎರಡು ಬಟ್ಟೆಗಳನ್ನು ಗೋಡೆಗೆ ಒತ್ತಿ ಹಿಡಿಯುವ, ಪಿನ್ನಿನ ದಪ್ಪಕ್ಕೆ ಸರಿಯಾಗಿ ಮಾಡಿದ ಚಪ್ಪಟೆ ತುಂಡು ಅದು. ಸಿದ್ಧ ಬೆಣೆಗಳು ಪ್ಲಾಸ್ಟಿಕ್, ಹಿತ್ತಾಳೆ ಅಥವಾ ಮರದಲ್ಲಿ ಸಿಗುತ್ತವೆ. ಗಟ್ಟಿ ಮರದಲ್ಲಿ ಬಡಗಿಯಿಂದ ಮಾಡಿಸಿಕೊಳ್ಳಲೂಬಹುದು. ನಾನು 3.6 ಮಿ.ಮೀ. ಪಿನ್ನಿಗೆ 3.7 ಮಿ.ಮೀ. ದಪ್ಪದ 24 ಬೆಣೆಗಳನ್ನು ಮಾಡಿಸಿ, ಅಂಟು ಮೆತ್ತಿಕೊಳ್ಳದಂತೆ ಮೇಣದಬತ್ತಿಯಿಂದ ಉಜ್ಜಿಟ್ಟುಕೊಂಡೆ. ಬೆಣೆಗಳು ಒಂದೇ ದಪ್ಪವಾಗಿದ್ದರೆ ಕೀಗಳೂ ಬೆರಳಿಗೆ ಒಂದೇ ರೀತಿ ಸಿಗುತ್ತವೆ.

ಬಟ್ಟೆಯನ್ನು ಕಿಂಡಿಯ ಉದ್ದಕ್ಕೆ ಹೊಂದುವ ಅಗಲದಲ್ಲಿ ಉದ್ದನೆಯ ಪಟ್ಟಿಗಳಾಗಿ ಕತ್ತರಿಸಿಕೊಳ್ಳಿ. ಸಪೂರ ಕಡ್ಡಿಯಿಂದ ಕಿಂಡಿಯ ಗೋಡೆಗಳಿಗೆ ತೆಳುವಾಗಿ ಅಂಟು ಸವರಿ (ಬಟ್ಟೆಗೆ ಸವರಬೇಡಿ), ಎರಡೂ ಬದಿಗೆ ಪಟ್ಟಿಯ ತುದಿಯನ್ನು ಇಳಿಸಿ, ನಡುವೆ ಬೆಣೆಯನ್ನು ನೆಟ್ಟಗೆ ಒತ್ತಿ. ಅಂಟು ಗಟ್ಟಿಯಾಗುವ ಮುನ್ನ ಸಿಗುವುದು ಅರ್ಧ ನಿಮಿಷವಷ್ಟೆ. ಆ ಅರ್ಧ ನಿಮಿಷಕ್ಕಾಗಿ ಮೊದಲು ಅಂಟಿಲ್ಲದೆ ನಾಲ್ಕೈದು ಸಲ ಅಭ್ಯಾಸ ಮಾಡಿ ನೋಡುವುದು ಉತ್ತಮ. ಬೆಣೆ ಇರುವಾಗಲೇ ಹರಿತವಾದ ಹೊಸ ಬ್ಲೇಡಿನಿಂದ ಹೆಚ್ಚುವರಿ ಪಟ್ಟಿಯನ್ನು ಮರದ ಮಟ್ಟಕ್ಕೆ ಕತ್ತರಿಸಿ, ಉಳಿದ ಪಟ್ಟಿಯನ್ನು ಮುಂದಿನ ಕೀಗೆ ಬಳಸಿ. ಹತ್ತು ಹನ್ನೆರಡು ಕೀಗಳಿಗೊಮ್ಮೆ ಬ್ಲೇಡ್ ಬದಲಿಸದಿದ್ದರೆ ಅದು ಉಣ್ಣೆಯನ್ನು ಕತ್ತರಿಸುವ ಬದಲು ಎಳೆದು ಅಂಚನ್ನು ಗುಂಜು ಮಾಡುತ್ತದೆ.

ಬೆಣೆಯನ್ನು ಕನಿಷ್ಠ ಒಂದು ಗಂಟೆ ಬಿಡಿ; ಮಳೆಗಾಲದಲ್ಲಿ ನಾನು ರಾತ್ರಿಯಿಡೀ ಬಿಟ್ಟದ್ದುಂಟು. ತೆಗೆಯುವಾಗ ನೇರ ಎಳೆಯದೆ ಕೀಯ ಉದ್ದದ ದಿಕ್ಕಿನಲ್ಲಿ ತುಸು ತೂಗಿ ಸಡಿಲಿಸಿಕೊಂಡರೆ ಬಟ್ಟೆ ಅದರೊಡನೆ ಎದ್ದು ಬರುವುದಿಲ್ಲ. ಅಷ್ಟರಲ್ಲಿ ಪಿನ್‌ಗಳನ್ನು ಲೋಹದ ಪಾಲಿಶ್‌ನಿಂದ ಕನ್ನಡಿಯಂತೆ ಉಜ್ಜಿ, ಪಾಲಿಶಿನ ಪುಡಿಯನ್ನು ಪೂರ್ತಿ ಒರೆಸಿ ಮುಗಿಸಬಹುದು. ನಿಕಲ್ ಲೇಪ ಕಿತ್ತುಹೋಗಿ ಗುಳಿಬಿದ್ದ ಪಿನ್‌ಗಳನ್ನು ಬದಲಿಸುವುದೇ ಮೇಲು.

ಹೊಸ ಬುಶಿಂಗ್ ಹಾಕಿದ ಮೇಲೆ ಕೀ ಬಿಗಿಯಾಗಿ ನಿಂತರೆ?

ಕೀಯ ಮುಂತುದಿಯನ್ನು ಬೆರಳಿನಿಂದ ತುಸು ಮೇಲೆತ್ತಿ ಬಿಡಿ. ತನ್ನ ಭಾರಕ್ಕೆ ತಾನೇ ಕೆಳಗಿಳಿದರೆ ಸರಿ. ಅರ್ಧದಲ್ಲಿ ನಿಂತರೆ ಬಿಗಿ. ಬುಶಿಂಗ್ ಸಡಿಲಿಸಲೆಂದೇ ಮಾಡಿದ, ಎರಡು ಸಮಾನಾಂತರ ದವಡೆಗಳ ಇಕ್ಕಳದಿಂದ ಕಿಂಡಿಯ ಗೋಡೆಯನ್ನೂ ಬಟ್ಟೆಯನ್ನೂ ಸೇರಿಸಿ ಹಗುರವಾಗಿ ಒತ್ತಬೇಕು. ಒಮ್ಮೆ ಒತ್ತಿ, ಕೂರಿಸಿ ನೋಡಿ, ಬೇಕಾದರೆ ಮತ್ತೆ ಒತ್ತಿ. ಹೆಚ್ಚು ಒತ್ತಿದ ಬಟ್ಟೆಯನ್ನು ಮೊದಲಿನಂತೆ ಮಾಡಲಾಗುವುದಿಲ್ಲ. ಬಟ್ಟೆಯನ್ನು ಬ್ಲೇಡಿನಿಂದ ಹೆರೆಯುವುದಂತೂ ಬೇಡವೇ ಬೇಡ.

ಕೊಬ್ಬರಿ ಎಣ್ಣೆಯ ಒಂದು ಹನಿ ಹಾಕಿದರೆ?

ಬಾಗಿಲ ಕೀಲಿಗೆ ಹಾಕಿ. ಎಣ್ಣೆ ಬಟ್ಟೆಯಲ್ಲಿ ಇಂಗಿ, ಧೂಳು ಹಿಡಿದು, ಜಿಗುಟಾಗಿ ಕೀಯನ್ನು ಇನ್ನಷ್ಟು ನಿಧಾನ ಮಾಡುತ್ತದೆ, ಮರಕ್ಕೆ ಇಳಿದ ಎಣ್ಣೆಯ ಮೇಲೆ ಮುಂದೆ ಯಾವ ಅಂಟೂ ಹಿಡಿಯುವುದಿಲ್ಲ. ಬೀಗ, ಸರಪಳಿಗಳಿಗೆ ಸಿಂಪಡಿಸುವ ಸ್ಪ್ರೇಗಳಿಗೂ ಇದೇ ಉತ್ತರ. ಪಿನ್ ನುಣುಪಾಗಿದ್ದರೆ ಬೇರೇನೂ ಬೇಕಿಲ್ಲ.

ಕೀಯ ತಳದ ತೂತು ದೊಡ್ಡದಾಗಿದ್ದರೆ ಬುಶಿಂಗ್‌ನಿಂದ ಸರಿಹೋಗುತ್ತದೆಯೇ?

ಇಲ್ಲ, ಅದು ಬೇರೆಯೇ ದೋಷ. ನಡುವಿನ ಪಿನ್ ಕೀಯ ತಳದಲ್ಲಿ ಹಾದುಹೋಗುವ ತೂತಿಗೆ ಬಟ್ಟೆ ಇರುವುದಿಲ್ಲ; ಅಲ್ಲಿ ಮರವೇ ಪಿನ್ನನ್ನು ಹಿತವಾಗಿ ಹಿಡಿಯಬೇಕು. ಅದು ಸವೆದಿದ್ದರೆ ಕೀ ಹಿಂದೆ ಮುಂದೆ ಜಾರುತ್ತದೆ. ಸವೆತ ಕಡಿಮೆಯಿದ್ದರೆ ತೂತಿನ ಒಳಗೆ ತೆಳುವಾದ ಬಿಸಿ ಅಂಟನ್ನು ಸವರಿ ಒಣಗಿಸುವುದರಿಂದ ಮರದ ನಾರುಗಳು ಉಬ್ಬಿ ಗಟ್ಟಿಯಾಗುತ್ತವೆ. ಹೆಚ್ಚಿದ್ದರೆ ತೂತಿನ ಬಳಿ ತೆಳು ಮರದ ಹಾಳೆ ಅಂಟಿಸಿ ಹೊಸದಾಗಿ ಕೊರೆಯಬೇಕು. ನಾನು ಸೀಳಿದ ಕಪ್ಪು ಕೀಗೆ ಮಾಡಿದ್ದು ಇದನ್ನೇ. ಮೇಲಿನ ಕಿಂಡಿಯಿರುವ, ಕೀಯ ಬೆನ್ನಿಗೆ ಅಂಟಿಸಿದ ಸಣ್ಣ ಮರದ ತುಂಡು ಅಂಟು ಬಿಟ್ಟು ಅಲುಗುತ್ತಿದ್ದರೆ ಅದನ್ನು ಬಟ್ಟೆ ಹಾಕುವ ಮೊದಲೇ ಗಟ್ಟಿಯಾಗಿ ಕೂರಿಸಿಕೊಳ್ಳಬೇಕು.

ಹೆಚ್ಚು ಸವೆದ ಕೀಗಳಿಗೆ ಮಾತ್ರ ಹಾಕಿದರೆ ಸಾಲದೇ? ಒಟ್ಟು ಎಷ್ಟು ಸಮಯ ಬೇಕು?

ನಡುವಿನ ಎರಡು ಸಪ್ತಕಗಳಿಗಷ್ಟೇ ಹಾಕಿದರೆ ನುಡಿಸುವಾಗ ಕೈ ಹೊಸ ಕೀಗಳಿಂದ ಹಳೆಯ ಕೀಗಳಿಗೆ ದಾಟಿದ ಕೂಡಲೇ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ. ಖರ್ಚು ಅಥವಾ ಸಮಯದ ಕೊರತೆಯಿದ್ದರೆ ಮುಂಭಾಗದ ಬುಶಿಂಗ್‌ಗಳ ಸಾಲನ್ನು ಪೂರ್ತಿಯಾಗಿ ಮುಗಿಸಿ, ನಡುವಿನ ಪಿನ್‌ಗಳ ಸಾಲನ್ನು ಮುಂದಕ್ಕೆ ಹಾಕುವುದು ಅದಕ್ಕಿಂತ ಜಾಣತನ. ನನ್ನ ದಿನದ ಕೆಲಸ ಮುಗಿಸಿಕೊಂಡು ದಿನಕ್ಕೆ ಎರಡು ಗಂಟೆಯಂತೆ ಕೂತು 340 ತುಂಡುಗಳನ್ನು ಮುಗಿಸಲು ನನಗೆ ಮೂರು ವಾರ ಹಿಡಿಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಹಳೆಯದನ್ನು ತೆಗೆಯುವುದಕ್ಕೆ.

ಕೀಗಳನ್ನು ವಾಪಸು ಕೂರಿಸಿದ ಮೇಲೆ ಏನು ಉಳಿದಿರುತ್ತದೆ?

ಕೀಗಳ ನಡುವಿನ ಸಂದು ಸಮನಾಗಿದೆಯೇ ನೋಡಿ, ಅಗತ್ಯವಿದ್ದಲ್ಲಿ ಪಿನ್ನನ್ನು ಕೂದಲಷ್ಟು ಬಗ್ಗಿಸಿ ಸರಿಮಾಡಬೇಕು. ಉದ್ದನೆಯ ಅಳತೆಪಟ್ಟಿ ಇಟ್ಟು ಬಿಳಿ ಕೀಗಳ ಮಟ್ಟವನ್ನು ಪರೀಕ್ಷಿಸಬೇಕು. ಕೀ ಒತ್ತಿದಾಗ ಸುಮಾರು 10 ಮಿ.ಮೀ. ಇಳಿಯಬೇಕು. ಆ್ಯಕ್ಷನ್ ಕೂರಿಸಿದ ಬಳಿಕ ಕೀಗೂ ಅದಕ್ಕೂ ನಡುವೆ ಸಡಿಲ ಉಳಿದಿದ್ದರೆ ಅದನ್ನು ಟ್ಯೂನರ್ ಸರಿಪಡಿಸುತ್ತಾರೆ. ಶ್ರುತಿಗೂ ಬುಶಿಂಗ್‌ಗೂ ಸಂಬಂಧವಿಲ್ಲ.

ಹೊಸ ಬಟ್ಟೆಗೆ ಮತ್ತೆ ಹುಳು ಹಿಡಿಯದಂತೆ ಏನು ಮಾಡಬೇಕು?

ನ್ಯಾಫ್ತಲೀನ್ ಗುಳಿಗೆಗಳನ್ನು ಕೀಗಳ ಕೆಳಗೆ ಚೆಲ್ಲಬೇಡಿ. ಅವು ಉರುಳಿ ಸಂದಿಗೆ ಸಿಕ್ಕಿಕೊಂಡರೆ ಕೀಯೇ ಇಳಿಯುವುದಿಲ್ಲ. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಒಮ್ಮೆ ಮತ್ತು ಮುಗಿದ ಮೇಲೆ ಒಮ್ಮೆ, ಕೆಳಗಿನ ಹಲಗೆಯನ್ನೂ ಕೀಗಳ ಮುಂದಿನ ಪಟ್ಟಿಯನ್ನೂ ಬಿಚ್ಚಿ ಟಾರ್ಚ್ ಹಾಕಿ ನೋಡಿ. ಅಕ್ಕಿಕಾಳಿನಂಥ ಬಿಳಿ ಗೂಡುಗಳೋ ಉಣ್ಣೆಯ ಕೆಂಪು ಪುಡಿಯೋ ಕಂಡರೆ ಆ ಭಾಗದ ಕೀಗಳನ್ನು ಎತ್ತಿ ಬ್ರಶ್ ಮಾಡಬೇಕು. ವಾದ್ಯವನ್ನು ಹೊರಗೋಡೆಗೆ ಒತ್ತಿಕೊಂಡು ಇಡದೆ ಒಂದು ಗೇಣು ಜಾಗ ಬಿಡಿ. ದಿನವೂ ಸ್ವಲ್ಪ ಹೊತ್ತು, ಎರಡು ಕೊನೆಗಳ ಕೀಗಳನ್ನೂ ಸೇರಿಸಿ ನುಡಿಸುತ್ತಿದ್ದರೆ ಹುಳುಗಳಿಗೆ ಅಲ್ಲಿ ನೆಮ್ಮದಿಯಾಗಿ ಮನೆ ಮಾಡಲು ಆಗುವುದಿಲ್ಲ.